ಕೇಬಲ್ಲಿನಲ್ಲಿ ದನಿಗೆ ಬೇರೆ ತಂತಿಯೇ ಇಲ್ಲ

ದೀಪಾವಳಿಗೆ ವಿಜಯಪುರ ಜಿಲ್ಲೆಯ ಇಂಡಿ ಊರಿನಲ್ಲಿರುವ ಕಾಕಾನ ಮನೆಗೆ ಹೋಗಿದ್ದೆ. ಚಪ್ಪಲಿ ಬಿಡುವ ಮೊದಲೇ ಕಾಕಾ ಶುರು ಮಾಡಿದರು. "ತಮ್ಮಾ, ಇದನ್ನಷ್ಟು ನೋಡಪಾ. ಚಿತ್ರ ಚಂದ ಬರಾಕತ್ತೈತಿ, ಸೌಂಡ್ ಬರವಲ್ದು."

ಅವರ ಮಗಳು ಪಿಯುಸಿ ಎರಡನೇ ವರ್ಷ. ಡೆಸ್ಕ್‌ಟಾಪಿನ ಮಾನಿಟರ್ ಕೆಟ್ಟಿದ್ದರಿಂದ ಪಡಸಾಲೆಯ ಟಿವಿಗೇ ಎಚ್‌ಡಿಎಂಐ ಕೇಬಲ್ ಹಾಕಿ ಪಾಠ ನೋಡುತ್ತಿದ್ದಳು. ಸರ್ ಬೋರ್ಡಿನ ಮೇಲೆ ಬರೆಯುವುದು ಕಾಣುತ್ತದೆ, ಹೇಳುವುದು ಕೇಳುವುದಿಲ್ಲ. ಕೇಬಲ್ ಹೋಗಿದೆ ಅಂತ ಯಾರೋ ಹೇಳಿದ್ದಕ್ಕೆ ಕಾಕಾ ಹೊಸದು ತಂದಿದ್ದರು. ಅದರಲ್ಲೂ ಅದೇ ಕಥೆ.

ಕೇಬಲ್ ಮೇಲೆ ಅನುಮಾನ ಬರುವುದು ಸಹಜವೇ. ಹಳೆ ಟಿವಿಗೆ ಹಳದಿ, ಕೆಂಪು, ಬಿಳಿ ಪಿನ್ ಚುಚ್ಚುತ್ತಿದ್ದೆವು, ಅಲ್ವಾ? ಹಳದಿಯಲ್ಲಿ ಚಿತ್ರ, ಕೆಂಪು ಬಿಳಿಯಲ್ಲಿ ದನಿ. ದನಿ ನಿಂತರೆ ಕೆಂಪು ಬಿಳಿ ಪಿನ್ ಅಲ್ಲಾಡಿಸಿದರೆ ಸಾಕಿತ್ತು. ಅದೇ ರೂಢಿ ಇನ್ನೂ ಕೈಯಲ್ಲಿದೆ.

ಕೇಬಲ್ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ತುದಿಯನ್ನು ಕಾಕಾಗೆ ತೋರಿಸಿದೆ. ಚಿನ್ನದ ಬಣ್ಣದ ಸಣ್ಣ ಪಟ್ಟಿಗಳು, ಒಂದು ಸಾಲಿನಲ್ಲಿ 10, ಇನ್ನೊಂದರಲ್ಲಿ 9. ಒಟ್ಟು 19 ಪಿನ್. ಕಾಕಾ ಚಷ್ಮಾ ಏರಿಸಿಕೊಂಡು ಎಣಿಸಿದರು. "ಇದರಾಗ ಸೌಂಡಿಂದು ಯಾವ್ದು?" ಅಂತ ಕೇಳಿದರು. ಇದು ಬಹಳ ಒಳ್ಳೆ ಪ್ರಶ್ನೆ. ಯಾಕೆಂದರೆ ಕಂಪ್ಯೂಟರಿನಿಂದ ಟಿವಿಗೆ ಹೋಗುವ ದನಿಗೆ ಅಂತಲೇ ಇರುವ ಪಿನ್ ಅಲ್ಲಿ ಒಂದೂ ಇಲ್ಲ. ಚಿತ್ರ ಹೋಗುವ ತಂತಿಗಳಲ್ಲೇ ದನಿಯೂ ಹೋಗುತ್ತದೆ. ಅದೂ ಚಿತ್ರ ಬಿಡುವು ಕೊಟ್ಟ ಹೊತ್ತಿನಲ್ಲಿ.

ಬಿಡುವು ಅಂದರೇನು? ಕಾಕಾ ಎರಿ ಹೊಲದಲ್ಲಿ ವರ್ಷಗಟ್ಟಲೆ ಹಿಂಗಾರಿ ಜೋಳ ಬಿತ್ತಿದವರು. ಅವರಿಗೆ ಕೇಳಿದೆ: "ಕಾಕಾ, ಹೊಲದ ತುದಿಗೆ ಬಂದು ಎತ್ತು ತಿರುವುವಾಗ ಕಾಳು ಬಿಡ್ತೀರೇನು?"

"ಹೆಂಗ ಬಿಡತಾರೋ? ಕೂರಿಗಿ ಎತ್ತಿ ಹಿಡಿದಿರ್ತೀವಿ."

ಹಳೆಯ ದಪ್ಪ ಟಿವಿಯಲ್ಲೂ ಹೀಗೇ ನಡೆಯುತ್ತಿತ್ತು. ಒಳಗಿನ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದು ಸಾಲು ಬರೆಯುತ್ತದೆ. ಮುಂದಿನ ಸಾಲಿಗೆ ಮತ್ತೆ ಎಡಕ್ಕೆ ಬರಬೇಕು. ಬರುವಾಗ ಬೆಳಕು ಬಿಟ್ಟರೆ ಚಿತ್ರ ಹಾಳು. ಹಾಗಾಗಿ ಅಷ್ಟು ಹೊತ್ತು ಕಿರಣ ಬಂದ್. ಕೆಳಗಿನ ಸಾಲು ಮುಗಿಸಿ ಮೇಲಕ್ಕೆ ಹೋಗುವಾಗ ಇನ್ನೂ ಜಾಸ್ತಿ ಹೊತ್ತು ಬಂದ್. ಈಗಿನ ತೆಳು ಟಿವಿಯಲ್ಲಿ ಆ ಕಿರಣ ಇಲ್ಲ, ತಿರುಗಿ ಬರುವ ಕೆಲಸವೂ ಇಲ್ಲ. ಆದರೂ ಆ ಖಾಲಿ ಹೊತ್ತು ಮಾತ್ರ ಸಿಗ್ನಲ್‌ನಲ್ಲಿ ಹಾಗೇ ಉಳಿದಿದೆ.

ಲೆಕ್ಕ ನೋಡಿ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920 ಚುಕ್ಕಿ, ಉದ್ದಕ್ಕೆ 1080 ಸಾಲು. ಇದು ನಮ್ಮ ಕಣ್ಣಿಗೆ ಕಾಣುವುದು. ಕೇಬಲ್ಲಿನಲ್ಲಿ ಹೋಗುವುದು 2200 ಚುಕ್ಕಿಯ 1125 ಸಾಲು. ಒಂದೊಂದು ಸಾಲಿನ ಜೊತೆ 280 ಚುಕ್ಕಿಯಷ್ಟು ಖಾಲಿ, ಒಂದೊಂದು ಚಿತ್ರದ ಜೊತೆ 45 ಸಾಲು ಪೂರ್ತಿ ಖಾಲಿ. ಒಟ್ಟು ಹೊತ್ತಿನಲ್ಲಿ ನೂರಕ್ಕೆ ಸುಮಾರು 16 ಪಾಲು ಬಿಡುವು. ಡಿಸೆಂಬರ್ 2002ರಲ್ಲಿ ಎಚ್‌ಡಿಎಂಐ ಬಂದಾಗ ಅದನ್ನು ರೂಪಿಸಿದವರು ದನಿಯನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಈ ಬಿಡುವಿನಲ್ಲಿ ಕೂರಿಸಿದರು. ಜಾಗಕ್ಕೆ ಕೊರತೆಯೇ ಇಲ್ಲ. ಸೆಕೆಂಡಿಗೆ 60 ಸಲ ಬದಲಾಗುವ ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್ ಬೇಕು. ಸಾಮಾನ್ಯ ಸ್ಟೀರಿಯೋ ದನಿಗೆ 15 ಲಕ್ಷ ಚಿಲ್ಲರೆ ಸಾಕು. ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು, ಅಷ್ಟೇ. ಈ ಕೆಲಸ ನನಗೆ ಎಷ್ಟು ಸಲ ನೋಡಿದರೂ ಸೊಗಸು ಅನ್ನಿಸುತ್ತದೆ. ಪಾಳು ಬಿದ್ದ ಜಾಗದಲ್ಲಿ ಬೆಳೆ ತೆಗೆದ ಹಾಗೆ.

ಇನ್ನೂ ಒಂದು ಮಾತು. ದನಿಯ ಪೊಟ್ಟಣಗಳಲ್ಲಿ ತಪ್ಪು ಸರಿಪಡಿಸಿಕೊಳ್ಳಲು ಹೆಚ್ಚಿನ ಬಿಟ್ ಸೇರಿಸಿರುತ್ತಾರೆ. ಚಿತ್ರದ ಚುಕ್ಕಿಗಳಿಗೆ ಆ ಕಾವಲು ಇಲ್ಲ. ಹಾಗಾಗಿ ತಂತಿ ಕೆಟ್ಟರೆ ಮೊದಲು ಪೆಟ್ಟು ಬೀಳುವುದು ಚಿತ್ರಕ್ಕೆ. ಪರದೆ ಮಿನುಗುತ್ತದೆ, ಚುಕ್ಕಿ ಚುಕ್ಕಿ ಕಾಣುತ್ತದೆ, ಆಗಾಗ ಕಪ್ಪಾಗುತ್ತದೆ. ಚಿತ್ರ ಕನ್ನಡಿಯ ಹಾಗೆ ಸ್ವಚ್ಛ ಇದ್ದು ದನಿ ಮಾತ್ರ ಇಲ್ಲ ಅಂದರೆ ಹೊಸ ಕೇಬಲ್ಲಿಗೆ ದುಡ್ಡು ಹಾಕುವ ಮುಂಚೆ ಬೇರೆ ಕಡೆ ನೋಡಬೇಕು.

ಎಲ್ಲಿ ಅಂದರೆ, ಕಂಪ್ಯೂಟರ್ ಮತ್ತು ಟಿವಿ ನಡುವಿನ ಮಾತುಕತೆಯಲ್ಲಿ. ಕೇಬಲ್ ಚುಚ್ಚಿದ ಕೂಡಲೇ 19ನೇ ಪಿನ್ "ನಾನು ಬಂದಿದ್ದೇನೆ" ಅಂತ ಸುದ್ದಿ ಕೊಡುತ್ತದೆ. ಆಗ ಕಂಪ್ಯೂಟರ್ 15 ಮತ್ತು 16ನೇ ಪಿನ್ನಿನ ಮೂಲಕ ಟಿವಿಯ ಪರಿಚಯ ಪತ್ರ ಓದುತ್ತದೆ. ಇದಕ್ಕೆ ಇಡಿಐಡಿ ಅನ್ನುತ್ತಾರೆ. ಮೊದಲ 128 ಬೈಟ್‌ನಲ್ಲಿ ಯಾರು ಮಾಡಿದ ಟಿವಿ, ಯಾವ ಅಳತೆಯ ಚಿತ್ರ ತೋರಿಸುತ್ತದೆ ಇತ್ಯಾದಿ. ಅದರ ಹಿಂದೆ ಇನ್ನೊಂದು 128 ಬೈಟ್. ನಾನು ಎಚ್‌ಡಿಎಂಐ ಟಿವಿ, ನನಗೆ ದನಿ ಬೇಕು, ಇಂತಿಂಥ ಬಗೆಯ ದನಿ ಬರುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಈ ಎರಡನೇ ಭಾಗ ಓದಲು ಆಗದಿದ್ದರೆ ಕಂಪ್ಯೂಟರ್ ಎದುರಿಗಿರುವುದನ್ನು 1999ರ ಡಿವಿಐ ಪರದೆ ಅಂದುಕೊಳ್ಳುತ್ತದೆ. ಡಿವಿಐನಲ್ಲಿ ಚಿತ್ರ ಕಳಿಸುವ ರೀತಿ ಇದೇ. ದನಿಗೆ ಮಾತ್ರ ಜಾಗ ಇಲ್ಲ. ಚಿತ್ರ ಹೋಗುತ್ತದೆ, ದನಿಯನ್ನು ಕಳಿಸುವುದೇ ಇಲ್ಲ. ಕೇಬಲ್ಲಿನ ತಪ್ಪು ಇರಬಹುದಾದ ಒಂದು ದಾರಿ ಇದು: ಆ 15, 16ನೇ ಪಿನ್ನಿನ ತಂತಿ ತುಂಡಾಗಿದ್ದರೆ ಪತ್ರ ಓದಲಾಗುವುದಿಲ್ಲ. ಆದರೆ ಆಗ ಸಾಮಾನ್ಯವಾಗಿ ಚಿತ್ರವೂ ಒರಟಾಗಿ, ಕಡಿಮೆ ಅಳತೆಯಲ್ಲಿ ಬರುತ್ತದೆ.

ಕಾಕಾನ ಮನೆಯಲ್ಲಿ ಚಿತ್ರ ಪೂರ್ತಿ ಅಳತೆಯಲ್ಲೇ ಇತ್ತು. ಹಾಗಾಗಿ ವಿಂಡೋಸ್ ಕಡೆ ತಿರುಗಿದೆ. ಡೆಸ್ಕ್‌ಟಾಪಿನೊಳಗೆ ದನಿ ಹೊರಡುವ ಬಾಗಿಲು ಒಂದಲ್ಲ, ಎರಡು. ಒಂದು ಮದರ್‌ಬೋರ್ಡಿನದು, ಹಿಂದೆ ಹಸಿರು ಬಣ್ಣದ ತೂತು ಇರುತ್ತದಲ್ಲ, ಸ್ಪೀಕರ್ ಚುಚ್ಚುವುದು, ಅದು. ಇನ್ನೊಂದು ಚಿತ್ರ ತಯಾರಿಸುವ ಗ್ರಾಫಿಕ್ಸ್ ಚಿಪ್ಪಿನದು. ಎಚ್‌ಡಿಎಂಐಗೆ ದನಿ ಹೋಗುವುದು ಈ ಎರಡನೆಯದರಿಂದ. ಇಂಟೆಲ್, ಎನ್‌ವಿಡಿಯಾ, ಎಎಂಡಿ ಯಾವುದೇ ಇರಲಿ, ಚಿತ್ರಕ್ಕೆ ಒಂದು ಡ್ರೈವರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಇದ್ದ ಹಾಗೆ ದನಿಗೂ ಬೇರೆ ಡ್ರೈವರ್ ಇರುತ್ತದೆ. ಚಿತ್ರದ್ದು ಸರಿ ಇದ್ದು ದನಿಯದು ಮಲಗಿರಬಹುದು.

ಸ್ಪೀಕರ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೌಂಡ್ ಸೆಟ್ಟಿಂಗ್ಸ್ ತೆಗೆದೆ. ಔಟ್‌ಪುಟ್ ಪಟ್ಟಿಯಲ್ಲಿ ಮದರ್‌ಬೋರ್ಡ್ ಸ್ಪೀಕರ್ ಒಂದೇ ಇತ್ತು. ಟಿವಿಯ ಹೆಸರೇ ಇಲ್ಲ. ಡಿವೈಸ್ ಮ್ಯಾನೇಜರ್ ತೆಗೆದಾಗ ಸೌಂಡ್ ವಿಭಾಗದಲ್ಲಿ ಡಿಸ್‌ಪ್ಲೇ ಆಡಿಯೋ ಸಾಲಿನ ಮೇಲೆ ಕೆಳಮುಖದ ಸಣ್ಣ ಬಾಣ ಕಂಡಿತು. ಅಂದರೆ ಡಿಸೇಬಲ್ ಆಗಿದೆ. ಆಗ ತಂಗಿಗೆ ನೆನಪಾಯಿತು. ಹಳೆ ಮಾನಿಟರಿನಲ್ಲಿ ಸ್ಪೀಕರ್ ಇರಲಿಲ್ಲ, ಆದರೂ ಕಂಪ್ಯೂಟರ್ ಪದೇ ಪದೇ ದನಿಯನ್ನು ಅದಕ್ಕೇ ಕಳಿಸುತ್ತಿತ್ತು. ಬೇಸತ್ತು ಅವಳೇ ಅದನ್ನು ಬಂದ್ ಮಾಡಿದ್ದಳು. ಎನೇಬಲ್ ಒತ್ತಿದೆ. ಪಟ್ಟಿಯಲ್ಲಿ ಟಿವಿಯ ಹೆಸರು ಬಂತು, ಆರಿಸಿದೆ, ಪಡಸಾಲೆ ತುಂಬ ಸರ್ ಮಾತಾಡಿದರು.

ಎಲ್ಲ ಮನೆಯಲ್ಲೂ ಕಾರಣ ಇದೇ ಇರಬೇಕೆಂದಿಲ್ಲ. ಬಹಳ ಕಡೆ ಪಟ್ಟಿಯಲ್ಲಿ ಟಿವಿ ಇರುತ್ತದೆ, ಸುಮ್ನೆ ಆರಿಸಿಕೊಂಡರೆ ಮುಗಿಯಿತು. ಎಚ್‌ಡಿಎಂಐಯಿಂದ ವಿಜಿಎಗೆ ತಿರುಗಿಸುವ ಕನ್ವರ್ಟರ್ ಹಾಕಿದ್ದರೆ ಆ ವಿಜಿಎ ತಂತಿಯಲ್ಲಿ ದನಿ ಬರಲಾರದು. 1987ರ ಆ ಪದ್ಧತಿಯಲ್ಲಿ ಇರುವುದು ಚಿತ್ರ ಮಾತ್ರ. ಕನ್ವರ್ಟರಿನ ಪಕ್ಕದಲ್ಲಿ ಇಯರ್‌ಫೋನ್ ತೂತು ಇದ್ದರೆ ಅಲ್ಲಿಂದ ತೆಗೆಯಬೇಕು. ಲಿನಕ್ಸ್‌ನಲ್ಲೂ ಸೌಂಡ್ ಸೆಟ್ಟಿಂಗ್ಸ್ ಒಳಗೆ ಔಟ್‌ಪುಟ್ ನೋಡಿ.

ನಾಲ್ಕು ದಿನ ಆದ ಮೇಲೆ ತಂಗಿಯ ಫೋನ್. "ಅಣ್ಣಾ, ಮತ್ತ ಸೌಂಡ್ ಹೋಗೈತಿ." ಮೊದಲು ಯಾವುದು ಚಾಲೂ ಮಾಡಿದೆ ಅಂತ ಕೇಳಿದೆ. ಕಂಪ್ಯೂಟರ್ ಅಂದಳು. ಕೆಲವು ಟಿವಿಗಳು ಬಂದ್ ಇದ್ದಾಗ ಪರಿಚಯ ಪತ್ರ ಸರಿಯಾಗಿ ಕೊಡುವುದಿಲ್ಲ. ಆಗ ಕಂಪ್ಯೂಟರ್ ದನಿಯನ್ನು ಹಸಿರು ತೂತಿಗೆ ತಿರುಗಿಸಿ, ಟಿವಿ ಬಂದ ಮೇಲೂ ಅಲ್ಲೇ ಕೂರಬಹುದು. ಟಿವಿ ಚಾಲೂ ಇಟ್ಟುಕೊಂಡೇ ಕೇಬಲ್ ಕಿತ್ತು, ಹತ್ತು ಎಣಿಸಿ ಮತ್ತೆ ಚುಚ್ಚು ಅಂದೆ. 19ನೇ ಪಿನ್ ಮತ್ತೊಮ್ಮೆ ಸುದ್ದಿ ಕೊಡಲಿ ಅಂತ. ಅವಳು ಎಣಿಸುವುದು ಕೇಳುತ್ತಿತ್ತು. ಹತ್ತು ಅಂದಳು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಅವಳ ಹಿಂದಿನಿಂದ, ಅರ್ಧ ವಾಕ್ಯದಿಂದ, ಸರ್ ದನಿ ನನ್ನ ಫೋನಿಗೂ ಕೇಳಿಸಿತು.