ನೆಕ್ಸ್ಟ್‌ಕ್ಲೌಡ್ ಹಾಕ್ಲಾ, ಸೀಫೈಲ್ ಹಾಕ್ಲಾ, ಸಿಂಕ್‌ಥಿಂಗ್ ಹಾಕ್ಲಾ?

ಪ್ರಶ್ನೆ: ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿದೆ. ಗೂಗಲ್‌ನವರು ಕೊಟ್ಟ 15 ಜಿಬಿ ತುಂಬಿ ಹೋಯ್ತು. ಫೈಲುಗಳನ್ನ ಸ್ವಂತ ಕಂಪ್ಯೂಟರ್‌ನಲ್ಲೇ ಇಟ್ಟು ಫೋನಿಗೂ ಜೋಡಿಸುವ ಸಾಫ್ಟ್‌ವೇರ್‌ಗಳಿವೆಯಲ್ಲ, ನೆಕ್ಸ್ಟ್‌ಕ್ಲೌಡ್, ಸೀಫೈಲ್, ಸಿಂಕ್‌ಥಿಂಗ್, ಇವುಗಳಲ್ಲಿ ಯಾವುದನ್ನ ಹಾಕಿಕೊಳ್ಳಲಿ? ಹಾಕಿದ ಮೇಲೆ ಫೋಟೊಗಳೆಲ್ಲ ಸೇಫ್ ತಾನೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಹೆಸರುಗಳು ಬದಲಾಗುತ್ತವೆ, ಲ್ಯಾಪ್‌ಟಾಪ್ ಬದಲು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬರುತ್ತದೆ, ಕೊನೆಯಲ್ಲಿ ಆ "ಸೇಫ್ ತಾನೇ" ಮಾತ್ರ ಬಂದೇ ಬರುತ್ತದೆ. ಮೊದಲರ್ಧ ಸುಲಭ, ಬೇಗ ಮುಗಿಸುತ್ತೇನೆ. ನನಗೆ ಜಗಳ ಇರುವುದು ಆ ಕೊನೆಯ ಎರಡು ಪದದ ಜೊತೆ.

ನಿಮ್ಮೊಬ್ಬರ ಫೋನಿನದು ನಿಮ್ಮ ಲ್ಯಾಪ್‌ಟಾಪ್‌ಗೆ ಬಂದರೆ ಸಾಕು ಅಂದ್ರೆ ಸಿಂಕ್‌ಥಿಂಗ್. ಮನೆಮಂದಿಗೆಲ್ಲ ಬೇರೆ ಬೇರೆ ಲಾಗಿನ್ ಬೇಕು, ಊರಲ್ಲಿರುವ ಮಾವನಿಗೆ ಲಿಂಕ್ ಕಳಿಸಬೇಕು, ಕ್ಯಾಲೆಂಡರ್, ಕಾಂಟ್ಯಾಕ್ಟ್ ಎಲ್ಲ ಒಂದೇ ಕಡೆ ಇರಬೇಕು ಅಂದ್ರೆ ನೆಕ್ಸ್ಟ್‌ಕ್ಲೌಡ್. ಫೈಲ್ ಬಿಟ್ಟು ಬೇರೇನೂ ಬೇಡ, ಆದ್ರೆ ಫೈಲುಗಳು ಜಾಸ್ತಿ, ದೊಡ್ಡವು, ವೇಗ ಬೇಕು ಅಂದ್ರೆ ಸೀಫೈಲ್. ಬರೀ ಫೋಟೊ ನೋಡೋಕೆ ಅಂದ್ರೆ ಈ ಮೂರನ್ನೂ ಬಿಡಿ, ಇಮಿಚ್ ಹಾಕಿ. ಆಯ್ತು, ಅಷ್ಟೇ.

ಅಷ್ಟೇ ಅಂದ್ರೆ ಯಾರೂ ಬಿಡಲ್ಲ, ಗೊತ್ತು. "ಓನ್‌ಕ್ಲೌಡ್ ಅಂತಾನೂ ಇದೆಯಲ್ಲ?" ಇದೆ. ಅದು ಒಂದೇ ಮನೆ ಪಾಲಾದ ಕಥೆ. ಫ್ರಾಂಕ್ ಕಾರ್ಲಿಚೆಕ್ ಅನ್ನುವ ಜರ್ಮನ್ ಪ್ರೋಗ್ರಾಮರ್ 2010ರಲ್ಲಿ ಓನ್‌ಕ್ಲೌಡ್ ಶುರು ಮಾಡಿದರು. 2016ರಲ್ಲಿ ಅವರೇ ಅಲ್ಲಿಂದ ಹೊರಬಂದು, ಅದೇ ಕೋಡ್ ತೆಗೆದುಕೊಂಡು ನೆಕ್ಸ್ಟ್‌ಕ್ಲೌಡ್ ಕಟ್ಟಿದರು. ಓಪನ್ ಸೋರ್ಸ್ ಅಲ್ವಾ, ಕೋಡ್ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಪಾಲು ಕೇಳೋಕೆ ಕೋರ್ಟಿಗೆ ಹೋಗಬೇಕಿಲ್ಲ. ಹಳೇ ಮನೆಯವರು ಪಿಎಚ್‌ಪಿ ಬಿಟ್ಟು ಗೋ ಭಾಷೆಯಲ್ಲಿ ಹೊಸದಾಗಿ ಬರೆದರು. ಅದರ ಹೆಸರು ಇನ್ಫಿನಿಟ್ ಸ್ಕೇಲ್, ಡೇಟಾಬೇಸೇ ಬೇಡ ಅದಕ್ಕೆ. 2023ರಲ್ಲಿ ಆ ಕಂಪನಿಯನ್ನ ಕೈಟ್‌ವರ್ಕ್ಸ್ ಕೊಂಡುಕೊಂಡಿತು, 2025ರಲ್ಲಿ ಮತ್ತೊಂದು ಪಾಲಾಗಿ ಓಪನ್‌ಕ್ಲೌಡ್ ಹುಟ್ಟಿತು. ಮನೆಗೆ ಹಾಕಿಕೊಳ್ಳುವವರು ಸದ್ಯಕ್ಕೆ ನೆಕ್ಸ್ಟ್‌ಕ್ಲೌಡ್ ಕಡೆ ಇರುವುದೇ ವಾಸಿ. ಜನ ಜಾಸ್ತಿ ಇದ್ದಾರೆ, ತೊಂದರೆ ಆದಾಗ ಹುಡುಕಿದರೆ ಉತ್ತರ ಸಿಗುತ್ತದೆ.

ಆದರೆ ನೆಕ್ಸ್ಟ್‌ಕ್ಲೌಡ್ ಭಾರ. ಪಿಎಚ್‌ಪಿ, ಡೇಟಾಬೇಸ್, ವೇಗಕ್ಕೆ ಅಂತ ಹಾಕುವ ರೆಡಿಸ್ ಎಲ್ಲ ಸೇರಿ 2 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಏದುಸಿರು ಬಿಡುತ್ತದೆ. ಅಪ್‌ಗ್ರೇಡ್ ಮಾಡುವಾಗ ಮೆಟ್ಟಿಲು ಹಾರುವ ಹಾಗಿಲ್ಲ, ವರ್ಷನ್ 28ರಿಂದ 29, 29ರಿಂದ 30, ಹೀಗೇ ಹತ್ತಬೇಕು. ಒಂದು ವರ್ಷ ಅದರ ಕಡೆ ತಲೆ ಹಾಕದೆ ಇದ್ದವರು ಒಂದು ಭಾನುವಾರ ಪೂರ್ತಿ ಕೂತು ಹತ್ತೋದನ್ನ ನೋಡಿದ್ದೇನೆ. ಸೀಫೈಲ್ ಹಗುರ, ಆದರೆ ಅದು ನಿಮ್ಮ ಫೈಲನ್ನ ಚೂರು ಚೂರು ಮಾಡಿ ಇಡುತ್ತದೆ. ಸರ್ವರ್‌ನ ಡಿಸ್ಕ್ ತೆರೆದು ಮದುವೆ ಆಲ್ಬಮ್ ಎಲ್ಲಿ ಅಂತ ಹುಡುಕಿದರೆ ಸಿಗುವುದು ತಲೆಬುಡ ತಿಳಿಯದ ಹೆಸರಿನ ತುಂಡುಗಳು ಮಾತ್ರ. ಸೀಫೈಲ್ ಇಲ್ಲದೆ ಅವನ್ನು ಜೋಡಿಸೋಕೆ ಆಗಲ್ಲ. ಅದಕ್ಕೇ ಅದು ವೇಗ: ದೊಡ್ಡ ಫೈಲಿನಲ್ಲಿ ಒಂದು ಮೂಲೆ ಬದಲಾದರೆ ಆ ಚೂರು ಮಾತ್ರ ಕಳಿಸಿದರೆ ಸಾಕು. ಸಿಂಕ್‌ಥಿಂಗ್‌ನಲ್ಲಿ ಸರ್ವರ್ ಅನ್ನೋದೇ ಇಲ್ಲ, ಎಲ್ಲ ಸಾಧನಗಳೂ ಸಮಾನರು. ಆಂಡ್ರಾಯ್ಡ್‌ನ ಅಧಿಕೃತ ಆ್ಯಪ್ 2024ರ ಡಿಸೆಂಬರ್‌ಗೆ ನಿಂತು ಹೋಯಿತು, ಈಗ ಸಿಂಕ್‌ಥಿಂಗ್ ಫೋರ್ಕ್ ಅನ್ನುವುದನ್ನ ಹಾಕಿಕೊಳ್ಳಬೇಕು.

ಇನ್ನು "ಸೇಫ್ ತಾನೇ."

ಅಲ್ಲ. ಮೂರರಲ್ಲಿ ಯಾವುದೂ ಅಲ್ಲ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಇದನ್ನ ನಾನು ಹೇಳ್ತಾನೇ ಇರ್ತೀನಿ, ಜನ ತಲೆ ಆಡಿಸ್ತಾನೇ ಇರ್ತಾರೆ, ಮುಂದಿನ ವಾರ ಮತ್ತೆ ಫೋನ್ ಮಾಡಿ "ಸರ್ವರ್‌ನಲ್ಲೂ ಹೋಗಿಬಿಟ್ಟಿದೆ, ಹೇಗೆ?" ಅಂತ ಕೇಳ್ತಾರೆ. ಅವರ ತಲೆಯಲ್ಲಿ ಇದು ರಸೀದಿ ಪುಸ್ತಕದ ಕಾರ್ಬನ್ ಕಾಪಿ. ಮೇಲಿನ ಹಾಳೆ ಹರಿದು ಕೊಟ್ಟರೂ ಕೆಳಗಿನದು ಪುಸ್ತಕದಲ್ಲೇ ಉಳಿಯುತ್ತದಲ್ಲ, ಹಾಗೆ. ಸಿಂಕ್ ಹಾಗಿಲ್ಲ. ಮೇಲಿನದನ್ನ ಹರಿದ ಕೂಡಲೇ ಕೆಳಗಿನದೂ ತಾನಾಗಿ ಹರಿಯಬೇಕು, ಅದೇ ಅದರ ಕೆಲಸ. ಅದು ಕೆಟ್ಟು ಹೋಗಿ ಹಾಗೆ ಮಾಡುವುದಲ್ಲ, ಸರಿಯಾಗಿ ಕೆಲಸ ಮಾಡಿಯೇ ಹಾಗೆ ಮಾಡುವುದು.

ಇಷ್ಟು ಗಟ್ಟಿಯಾಗಿ ಹೇಳುವ ಹಕ್ಕು ನನಗೆ ಬಂದದ್ದು ಪುಕ್ಕಟೆಯಾಗಿ ಅಲ್ಲ. ಅಮ್ಮನ ಫೋನಿಗೆ ಸಿಂಕ್‌ಥಿಂಗ್ ಹಾಕಿ, ಬೀರುವಿನ ಮೇಲಿದ್ದ ಹಳೇ ಲ್ಯಾಪ್‌ಟಾಪ್‌ಗೆ ಜೋಡಿಸಿ, ದೊಡ್ಡ ಕೆಲಸ ಮುಗಿಸಿದವನ ಹಾಗೆ ಇದ್ದೆ. ಅಮ್ಮ ತನ್ನ ಹಾಡಿನ ಪುಸ್ತಕದ ಒಂದೊಂದು ಪುಟವನ್ನೂ ಫೋಟೊ ತೆಗೆದಿಟ್ಟಿದ್ದಳು. ಆರತಿ ಹಾಡು, ಹಸೆಗೆ ಕರೆಯುವ ಹಾಡು, ಬೀಗರ ಹಾಡು. ಪುಸ್ತಕ ಆಮೇಲೆ ಗೆದ್ದಲಿಗೆ ಹೋಯಿತು, "ಪರವಾಗಿಲ್ಲ, ಫೋಟೊ ಇದೆ" ಅಂದೆ. ಬೇಸಿಗೆ ರಜೆಗೆ ಅಕ್ಕನ ಮಗ ಬಂದ. ಅಜ್ಜಿಯ ಫೋನ್ ತುಂಬಿ ನಿಧಾನ ಆಗಿದೆ ಅಂತ ಪಾಪ ಸಹಾಯ ಮಾಡಲು ಹೋಗಿ, "ಮಾವನ ಕಂಪ್ಯೂಟರ್‌ನಲ್ಲಿ ಹೇಗೂ ಎಲ್ಲ ಇದೆಯಲ್ಲ" ಅಂತ ಕ್ಯಾಮೆರಾ ಫೋಲ್ಡರ್ ಪೂರ್ತಿ ಖಾಲಿ ಮಾಡಿದ. ನಾನು ಸಂಜೆ ಬಂದು ಲ್ಯಾಪ್‌ಟಾಪ್ ತೆರೆದರೆ ಸಿಂಕ್‌ಥಿಂಗ್ ಹಸಿರು ಬಣ್ಣದಲ್ಲಿ "ಅಪ್ ಟು ಡೇಟ್" ಅಂತ ತೋರಿಸುತ್ತಿತ್ತು. ಫೈಲುಗಳು: 0. ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಹಾಗೆ ನಂಬುವಂತೆ ಹೇಳಿಕೊಟ್ಟವನೇ ನಾನು. ಅಮ್ಮ ಯಾರ್ಯಾರಿಗೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಪುಟಗಳು ಅರ್ಧದಷ್ಟು ವಾಪಸ್ ಸಿಕ್ಕವು, ಅವು ಕುಗ್ಗಿ ಹೋದ ಫೋಟೊಗಳು, ಕೆಲವು ಕಡೆ ಒತ್ತಕ್ಷರ ಯಾವುದು ಅಂತ ಊಹಿಸಬೇಕು.

ಆಮೇಲೆ ಕೂತು ಓದಿದೆ. ಸಿಂಕ್‌ಥಿಂಗ್‌ನಲ್ಲಿ ಹಳೇ ಪ್ರತಿ ಉಳಿಸಿಕೊಳ್ಳುವ ಫೈಲ್ ವರ್ಷನಿಂಗ್ ಇದೆ, ಆದರೆ ಅದು ತಾನಾಗಿ ಆನ್ ಆಗಿರುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ, ಇದನ್ನ ನೂರರಲ್ಲಿ ತೊಂಬತ್ತು ಜನ ತಪ್ಪು ತಿಳಿದಿರುತ್ತಾರೆ: ವರ್ಷನಿಂಗ್ ಬೇರೆ ಕಡೆಯಿಂದ ಬಂದ ಬದಲಾವಣೆಗೆ ಮಾತ್ರ ಕೆಲಸ ಮಾಡುತ್ತದೆ. ಫೋನಿನಲ್ಲಿ ಆನ್ ಮಾಡಿ, ಫೋನಿನಲ್ಲೇ ಡಿಲೀಟ್ ಮಾಡಿದರೆ ಏನೂ ಉಳಿಯಲ್ಲ. ಲ್ಯಾಪ್‌ಟಾಪ್ ಕಡೆ ಆನ್ ಮಾಡಬೇಕು. "ಫೋನನ್ನ ಸೆಂಡ್ ಓನ್ಲಿ, ಲ್ಯಾಪ್‌ಟಾಪನ್ನ ರಿಸೀವ್ ಓನ್ಲಿ ಮಾಡಿದ್ದೀನಲ್ಲ" ಅನ್ನೋರಿಗೆ: ಡಿಲೀಟ್ ಕೂಡ ಕಳಿಸುವ ಒಂದು ಸುದ್ದಿಯೇ, ಅದೂ ಹೋಗುತ್ತದೆ.

ಇಲ್ಲಿಗೆ ಬಂದಾಗ ನೆಕ್ಸ್ಟ್‌ಕ್ಲೌಡ್‌ನವರು ಮುಗುಳ್ನಗುತ್ತಾರೆ, "ನಮ್ಮಲ್ಲಿ ಕಸದ ಬುಟ್ಟಿ ಇದೆ" ಅಂತ. ಇದೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ದಿನ ಇಟ್ಟುಕೊಳ್ಳುತ್ತದೆ, ಜಾಗ ಸಾಲದಿದ್ದರೆ ಅದಕ್ಕೂ ಮೊದಲೇ ಎಸೆಯುತ್ತದೆ. ನೀವು ದಸರಾದಲ್ಲಿ ಡಿಲೀಟ್ ಆದದ್ದನ್ನ ಸಂಕ್ರಾಂತಿಗೆ ಹುಡುಕಿದರೆ? ಅದೂ ಹೋಗಲಿ, ಆ ಬುಟ್ಟಿ ಇರುವುದು ಎಲ್ಲಿ? ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಬುಟ್ಟಿಯೂ ಹೋಯಿತು.

"ಎರಡು ಡಿಸ್ಕ್ ಹಾಕಿ ರೇಡ್ ಮಾಡಿದ್ದೀನಿ" ಇನ್ನೊಬ್ಬರು. ಒಳ್ಳೇದು. ಒಂದು ಡಿಸ್ಕ್ ಸತ್ತರೆ ಇನ್ನೊಂದು ನಡೆಸುತ್ತದೆ. ಡಿಲೀಟ್ ಮಾಡಿದರೆ ಎರಡರಲ್ಲೂ ಒಟ್ಟಿಗೇ ಹೋಗುತ್ತದೆ. ಎರಡೂ ಒಂದೇ ಡಬ್ಬಿಯಲ್ಲಿ, ಒಂದೇ ಪ್ಲಗ್ಗಿನಲ್ಲಿ. ಏಪ್ರಿಲ್‌ನ ಗುಡುಗು ಮಳೆಗೆ ಓಡಿ ಹೋಗಿ ಟೀವಿ ಪ್ಲಗ್ ಕೀಳುವ ಮಲೆನಾಡಿನವರೂ ಸರ್ವರ್ ಪ್ಲಗ್ ಹಾಗೇ ಬಿಟ್ಟಿರುತ್ತಾರೆ, ಪ್ಲಗ್ ಕಿತ್ತವರು ರೌಟರ್‌ನಿಂದ ಬರುವ ಕೇಬಲ್ ಮರೆತಿರುತ್ತಾರೆ. ಸಿಡಿಲಿಗೆ ಯಾವ ದಾರಿಯಾದರೂ ಸೈ.

ಮನೆಯವರು ಮಾತ್ರ ಹೀಗೆ ಅಂದ್ಕೋಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಕಟ್ಟಡವೇ ಸುಟ್ಟು ಹೋಯಿತು, ಬ್ಯಾಕಪ್ ಕೂಡ ಅಲ್ಲೇ ಇಟ್ಟುಕೊಂಡಿದ್ದವರು ಎರಡನ್ನೂ ಕಳಕೊಂಡರು. 2017ರ ಜನವರಿ 31ಕ್ಕೆ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಬ್ಯಾಕಪ್ ತೆಗೆಯಲು ಹೋದರೆ, ದಿನಾ ಆಗಬೇಕಿದ್ದದ್ದು ಆಗುತ್ತಲೇ ಇರಲಿಲ್ಲ. ಕೊನೆಗೆ ಬೇರೆ ಕೆಲಸಕ್ಕೆ ಅಂತ ಕೆಲವು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ ಕೈ ಹಿಡಿಯಿತು, ಆದರೂ ಸುಮಾರು 6 ಗಂಟೆಯ ಡೇಟಾ ಹೋಯಿತು. ಕೋಡ್ ಕಾಪಾಡುವುದೇ ಕಸುಬಾಗಿರುವವರ ಕಥೆ ಇದು.

ಹಾಗಾದ್ರೆ ಏನು ಮಾಡೋದು? ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್ ತನ್ನಿ. ವಾರಕ್ಕೊಮ್ಮೆ ಚುಚ್ಚಿ, ರೆಸ್ಟಿಕ್ ಅಥವಾ ಬೋರ್ಗ್ ಅನ್ನುವ ಬ್ಯಾಕಪ್ ಪ್ರೋಗ್ರಾಮ್‌ನಿಂದ ಬ್ಯಾಕಪ್ ತೆಗೆಯಿರಿ, ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಡಿ. ಕಿತ್ತಿಡೋದು ಮುಖ್ಯ. ಇವೆರಡೂ ದಿನಾಂಕದ ಪ್ರಕಾರ ಹಳೇ ಸ್ಥಿತಿಗಳನ್ನ ಇಟ್ಟುಕೊಳ್ಳುತ್ತವೆ, ಬದಲಾದ ಭಾಗ ಮಾತ್ರ ಸೇರಿಸುವುದರಿಂದ ಜಾಗವೂ ಕಡಿಮೆ ಸಾಕು. ಇನ್ನೊಂದು ಡಿಸ್ಕ್ ಮಾಡಿ ಊರಿನ ಮನೆಯಲ್ಲಿಡಿ, ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಂಡು ಬನ್ನಿ. ರೆಸ್ಟಿಕ್ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ, ಪಾಸ್‌ವರ್ಡ್ ಮರೆತರೆ ಬ್ರಹ್ಮನೂ ತೆಗೆಯಲಾರ. ಪಾಸ್‌ವರ್ಡನ್ನ ಹಾಳೆಯಲ್ಲಿ ಬರೆದು ಮನೆ ಪತ್ರಗಳ ಜೊತೆ ಇಡಿ, ಆ ಸರ್ವರ್‌ನಲ್ಲೇ ಇಡಬೇಡಿ. ನಗಬೇಡಿ, ಇಟ್ಟವರಿದ್ದಾರೆ.

ನೆಕ್ಸ್ಟ್‌ಕ್ಲೌಡ್ ಆದರೆ ಫೈಲುಗಳ ಫೋಲ್ಡರ್ ಮಾತ್ರ ನಕಲು ಮಾಡಿದರೆ ಸಾಲದು. ಡೇಟಾಬೇಸ್ ಮತ್ತು ಕಾನ್ಫಿಗ್ ಫೋಲ್ಡರ್ ಕೂಡ ಬೇಕು. ಮೇಂಟೆನೆನ್ಸ್ ಮೋಡ್‌ಗೆ ಹಾಕಿ, ಅಂದ್ರೆ ಅಷ್ಟು ಹೊತ್ತು ಯಾರೂ ಬಳಸದ ಹಾಗೆ ಮಾಡಿ, ಮೂರನ್ನೂ ತೆಗೆಯಿರಿ. ಸೀಫೈಲ್‌ನಲ್ಲಿ ಮೊದಲು ಡೇಟಾಬೇಸ್, ಆಮೇಲೆ ಚೂರುಗಳ ಫೋಲ್ಡರ್, ಈ ಕ್ರಮ ತಪ್ಪಿಸಬೇಡಿ. ಮತ್ತೆ, ವಾಪಸ್ ತೆಗೆದು ನೋಡದ ಬ್ಯಾಕಪ್ಪನ್ನ ನಾನು ಬ್ಯಾಕಪ್ ಅಂತ ಒಪ್ಪಲ್ಲ. ಮೂರು ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೋಲ್ಡರ್ ಬೇರೆ ಕಡೆ ಬಿಚ್ಚಿ, ನಾಲ್ಕು ಫೋಟೊ ತೆರೆದು ನೋಡಿ. ಗಿಟ್‌ಲ್ಯಾಬ್‌ನವರು ಬಿಟ್ಟದ್ದೂ ಇದನ್ನೇ.

ಮನೆ ಹೊರಗಿದ್ದಾಗ ಫೈಲು ನೋಡೋದು ಹೇಗೆ ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ: ರೌಟರ್‌ನಲ್ಲಿ ಪೋರ್ಟ್ ತೆರೆದು ಸರ್ವರನ್ನ ಇಂಟರ್ನೆಟ್ಟಿಗೆ ಬಿಡಬೇಡಿ. ನಮ್ಮಲ್ಲಿ ಎಷ್ಟೋ ಮನೆ ಕನೆಕ್ಷನ್‌ಗಳಿಗೆ ಸ್ವಂತ ಐಪಿ ವಿಳಾಸವೇ ಸಿಗಲ್ಲ, ಹಾಗಾಗಿ ಪೋರ್ಟ್ ತೆರೆದರೂ ಹೊರಗೆ ಕಾಣಲ್ಲ, ಆ ಕಷ್ಟ ಇಲ್ಲಿ ವರವೇ. ನಿಮ್ಮ ಸಾಧನಗಳ ನಡುವೆ ಖಾಸಗಿ ದಾರಿ ಮಾಡಿಕೊಡುವ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಹಾಕಿಕೊಳ್ಳಿ. 2023ರ ನವೆಂಬರ್‌ನಲ್ಲಿ ಓನ್‌ಕ್ಲೌಡ್‌ನ ಒಂದು ಆ್ಯಪ್‌ನಲ್ಲಿ ಸಿಕ್ಕ ದೋಷಕ್ಕೆ ಅಪಾಯದ ಅಳತೆಯಲ್ಲಿ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದರು. ಕೆಲವು ಕಡೆ ಅಡ್ಮಿನ್ ಪಾಸ್‌ವರ್ಡೇ ಹೊರಗೆ ಕಾಣುತ್ತಿತ್ತು.

ಈಗ ಯಾರೂ ಕೇಳದ, ಆದರೆ ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರೆಲ್ಲ ಒಂದಲ್ಲ ಒಂದು ದಿನ ಎಡವುವ ವಿಷಯ. ಇದನ್ನ ಹೇಳದೆ ನನಗೆ ಸಮಾಧಾನ ಇಲ್ಲ. "ಫೋಟೊ" ಅಂತ ಒಂದೇ ಹೆಸರಿನ ಎರಡು ಫೋಲ್ಡರ್ ಅಕ್ಕಪಕ್ಕ ನೋಡಿದ್ದೀರಾ? ಲಿನಕ್ಸ್ ಸರ್ವರ್‌ನಲ್ಲಿ ಇದು ಆಗುತ್ತದೆ. ಕಂಪ್ಯೂಟರ್ ಎಲ್ಲ ಭಾಷೆಯ ಅಕ್ಷರಗಳಿಗೂ ಬಳಸುವ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಫೋ ಅಕ್ಷರದ ಆ ಗುಣಿತವನ್ನ ಒಂದೇ ಸಂಕೇತವಾಗಿ ಬರೆಯಬಹುದು. ಬಿಡಿಸಿ ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘ ಅಂತ ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. "ಫೋಟೊ" ಪದ ಒಂದು ರೀತಿಯಲ್ಲಿ 4 ಸಂಕೇತ, ಇನ್ನೊಂದು ರೀತಿಯಲ್ಲಿ 7. ಹಳೇ ಮ್ಯಾಕ್‌ಗಳು ಬಿಡಿಸಿ ಬರೆಯುತ್ತಿದ್ದವು, ಲಿನಕ್ಸ್ ಕೊಟ್ಟದ್ದನ್ನ ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಅದಕ್ಕೆ ಇವು ಎರಡು ಬೇರೆ ಹೆಸರುಗಳು. ಸಿಂಕ್‌ಥಿಂಗ್‌ನಲ್ಲಿ ಇದನ್ನ ತಾನಾಗಿ ಸರಿಮಾಡುವ ಸೆಟ್ಟಿಂಗ್ ಮೊದಲಿಂದಲೇ ಆನ್ ಇರುತ್ತದೆ, ಅದನ್ನ ಮುಟ್ಟಬೇಡಿ.

ಇನ್ನೊಂದು ಉದ್ದದ ಗೋಳು. ಲಿನಕ್ಸ್‌ನಲ್ಲಿ ಒಂದು ಹೆಸರು 255 ಬೈಟ್ ದಾಟುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ನಮ್ಮ ಪ್ರತಿ ಸಂಕೇತಕ್ಕೂ 3. "ಕರ್ನಾಟಕ" ನಾಲ್ಕೇ ಅಕ್ಷರ ಅನ್ನಿಸುತ್ತದೆ, ಒಳಗೆ 7 ಸಂಕೇತ, 21 ಬೈಟ್. ಇಂಗ್ಲಿಷಿನಲ್ಲಿ ಬರೆದರೆ 9. ಮನೆ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಡಬ್ಬಿಗಳಲ್ಲಿ (ನಾಸ್), ಕೆಲವದರಲ್ಲಿ ಫೋಲ್ಡರ್ ಎನ್‌ಕ್ರಿಪ್ಟ್ ಮಾಡಲು ಬಳಸುವ ಇಕ್ರಿಪ್ಟ್‌ಎಫ್‌ಎಸ್‌ನಲ್ಲಂತೂ ಮಿತಿ 143 ಬೈಟ್‌ಗೇ ನಿಲ್ಲುತ್ತದೆ. ನಮ್ಮ ಅಮ್ಮ ಇಟ್ಟ ಹೆಸರು "ಚಿಕ್ಕಮ್ಮನ ಮನೆ ಗೃಹಪ್ರವೇಶ ಬೆಳಗ್ಗೆ ಹೋಮ ಮಧ್ಯಾಹ್ನ ಊಟ ವಿಡಿಯೊ". ಎಣಿಸಿದೆ, 148. ಅದೊಂದು ಫೋಲ್ಡರ್ ಮಾತ್ರ ಯಾಕೆ ಕಾಪಿ ಆಗ್ತಿಲ್ಲ ಅಂತ ಎರಡು ರಾತ್ರಿ ಕೂತಿದ್ದೆ. "ಊಟ" ತೆಗೆದೆ, ಒಂದು ಸ್ಪೇಸ್ ಸೇರಿ 7 ಬೈಟ್ ಕಮ್ಮಿ ಆಯಿತು, ಕಾಪಿ ಆಯಿತು. ಊಟದ ವಿಡಿಯೊ ಎಲ್ಲಿ ಹೋಯ್ತು ಅಂತ ಅಮ್ಮ ಈಗಲೂ ಕೇಳ್ತಾಳೆ.