ಬಿತ್ತದಿದ್ದರೂ ದುಡ್ಡು ಬರುತ್ತಾ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಮೆಕ್ಕೆಜೋಳ ಬಿತ್ತದ ರೈತನಿಗೂ ಸರ್ಕಾರ ಮೆಕ್ಕೆಜೋಳದ ಲೆಕ್ಕದಲ್ಲೇ ಸಬ್ಸಿಡಿ ಕೊಡುತ್ತದಂತೆ. ನಿಜವಾ?

ನಿಜ. ಗುಟ್ಟು ಇರುವುದು ‘ಬೇಸ್ ಎಕರೆ’ ಅನ್ನುವ ಮಾತಿನಲ್ಲಿ. ನಮ್ಮಲ್ಲಿ ಪಹಣಿ ಇದ್ದ ಹಾಗೆ ಅಲ್ಲಿ ಹೊಲಕ್ಕೆ ಅಂಟಿಕೊಂಡ ಒಂದು ಹಳೇ ಲೆಕ್ಕ ಇದೆ: ಹಿಂದೆ ಇಲ್ಲಿ ಎಷ್ಟು ಎಕರೆ ಗೋಧಿ, ಎಷ್ಟು ಎಕರೆ ಮೆಕ್ಕೆಜೋಳ ಇತ್ತು ಅಂತ. ಹೊಲ ಮಾರಿದರೆ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ. ಬೆಲೆ ಕುಸಿದಾಗ ಸರ್ಕಾರ ನೋಡುವುದು ಇದನ್ನೇ. ಈ ವರ್ಷ ಅಲ್ಲಿ ಸೋಯಾ ಇದ್ದರೂ ಸರಿ.

ಯಾಕೆ ಹೀಗೆ? ಈಗ ಬಿತ್ತಿದ ಬೆಳೆಗೇ ದುಡ್ಡು ಅಂದರೆ ಎಲ್ಲರೂ ಸಬ್ಸಿಡಿ ಜಾಸ್ತಿ ಇರುವ ಬೆಳೆಗೇ ಮುಗಿಬೀಳುತ್ತಾರೆ, ಬೆಲೆ ಇನ್ನೂ ಬೀಳುತ್ತದೆ, ಅಲ್ವಾ?

ಲೆಕ್ಕ ಹಾಕಿ ನೋಡೋಣ. 2025ರ ಕಾಯ್ದೆ ಮೆಕ್ಕೆಜೋಳಕ್ಕೆ ಬುಷೆಲ್‌ಗೆ (ಸುಮಾರು 25 ಕೆಜಿ) 4 ಡಾಲರ್ 10 ಸೆಂಟ್ ಆಧಾರ ಬೆಲೆ ಗೊತ್ತುಮಾಡಿದೆ. ದೇಶದ ಸರಾಸರಿ ಬೆಲೆ 3 ಡಾಲರ್ 80 ಸೆಂಟ್‌ಗೆ ಇಳಿಯಿತು ಅಂದುಕೊಳ್ಳಿ. ಕೊರತೆ 30 ಸೆಂಟ್. 100 ಬೇಸ್ ಎಕರೆ ಇದ್ದರೆ ಲೆಕ್ಕಕ್ಕೆ ಬರುವುದು ಶೇ. 85, ಅಂದರೆ 85 ಎಕರೆ. ಕಡತದಲ್ಲಿ ಎಕರೆಗೆ 120 ಬುಷೆಲ್ ಇಳುವರಿ ಇದ್ದರೆ ಸಿಗುವುದು 3,060 ಡಾಲರ್. ಅದೂ ತಕ್ಷಣ ಅಲ್ಲ, ಕೊಯ್ಲಾದ ಮರುವರ್ಷದ ಅಕ್ಟೋಬರ್‌ನಲ್ಲಿ!

ಇನ್ನೊಂದು ಯೋಜನೆಯಲ್ಲಿ ಕೌಂಟಿಯೇ ಅಳತೆಗೋಲು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಇಡೀ ಕೌಂಟಿಯ ಸರಾಸರಿ ಇಳುವರಿ ಹಿಡಿದು ಆದಾಯ ಲೆಕ್ಕ ಹಾಕುತ್ತಾರೆ. ಆಲಿಕಲ್ಲು ಬಿದ್ದು ನಿಮ್ಮೊಬ್ಬರ ಹೊಲ ಹಾಳಾದರೆ ಇದರಿಂದ ಒಂದು ಕಾಸೂ ಇಲ್ಲ, ಅದಕ್ಕೆ ಬೆಳೆವಿಮೆಯೇ ಗತಿ. ಊರೆಲ್ಲ ಒಣಗಿ ನಿಮ್ಮದು ಮಾತ್ರ ಚೆನ್ನಾಗಿ ಬಂದಿದ್ದರೆ ನಿಮಗೂ ದುಡ್ಡು ಬರುತ್ತದೆ. 2019ರಲ್ಲಿ ಚೀನಾ ಜೊತೆಗಿನ ಸುಂಕದ ಜಗಳಕ್ಕೆ ಪರಿಹಾರ ಕೊಟ್ಟಾಗಲೂ ಕೌಂಟಿಗೊಂದು ದರ ಇತ್ತು, ಎಕರೆಗೆ 15ರಿಂದ 150 ಡಾಲರ್. ಬೇಲಿಯಾಚೆಯ ಹೊಲಕ್ಕೆ ಬೇರೆ ದರ ಅಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ ಹೇಳಿ.

ಅತಿರೇಕಗಳೂ ಆಗಿವೆ. ಟೆಕ್ಸಸ್‌ನ ಎಲ್ ಕ್ಯಾಂಪೋ ಸುತ್ತ ಹಳೇ ಭತ್ತದ ಗದ್ದೆ ಕೊಂಡು ಮನೆ ಕಟ್ಟಿಕೊಂಡವರಿಗೂ ಭತ್ತದ ಹೆಸರಲ್ಲಿ ಚೆಕ್ ಬರುತ್ತಿತ್ತು. ಬೆಲೆ ಏರಲಿ ಇಳಿಯಲಿ, ವರ್ಷವರ್ಷ ಕೊಡುತ್ತಿದ್ದ ಆ ನೇರ ಪಾವತಿಯನ್ನು 2014ರ ಕಾಯ್ದೆ ನಿಲ್ಲಿಸಿತು. ಬೇಸ್ ಎಕರೆ ಮಾತ್ರ ಉಳಿಯಿತು.

ದುಡ್ಡು ಯಾರ ಕೈಗೆ? ನಮ್ಮ ಪಿಎಂ ಕಿಸಾನ್‌ನ 6,000 ರೂಪಾಯಿ ಜಮೀನು ಹೆಸರಲ್ಲಿದ್ದವರಿಗೆ ಬರುತ್ತದೆ, ಗೇಣಿಗೆ ಮಾಡುವವನಿಗಿಲ್ಲ. ಅಲ್ಲಿ ತಿರುವುಮುರುವು. ಹೊಲವನ್ನು ನಗದು ಗೇಣಿಗೆ ಕೊಟ್ಟಿದ್ದರೆ ಸಬ್ಸಿಡಿ ಗೇಣಿದಾರನಿಗೆ, ಯಾಕೆಂದರೆ ನಷ್ಟ ಹೊರುವವನು ಅವನು. ಪಾಲಿಗೆ ಕೊಟ್ಟಿದ್ದರೆ ಇಬ್ಬರಿಗೂ ಹಂಚಿಕೆ. ನ್ಯಾಯವಾಗೇ ಕಾಣುತ್ತದೆ. ಆದರೆ ಒಡೆಯನಿಗೂ ಲೆಕ್ಕ ಗೊತ್ತು. ಮುಂದಿನ ಸಲ ಗೇಣಿ ಮಾತಾಡುವಾಗ ಅದರಲ್ಲಿ ಒಂದು ಪಾಲನ್ನು ಸೇರಿಸಿಯೇ ಕೇಳುತ್ತಾನೆ.