‘ಇದು ಹೌದಾದ ನೋಟಿಸಾ ಮಾರಾಯ್ರೆ?’

ಮಂಗಳೂರು ಬಂದರಿನ ಅಡಿಕೆ ಮಂಡಿಯೊಂದರ ಯಜಮಾನರು ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದು ಹೀಗೆ ಕೇಳಿದರು. ನೋಡಿದರೆ ಎರಡು ಪುಟದ ಪಿಡಿಎಫ್. ಮೇಲೆ ಸಿಂಹಲಾಂಛನ, ಕೆಳಗೆ ಓದಲು ಬಾರದ ಸಹಿ, ನಡುವೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 70ನೇ ಸೆಕ್ಷನ್. ಮೂರು ವರ್ಷದ ಖರೀದಿ ಬಿಲ್ಲು, ಲಾರಿ ಬಾಡಿಗೆ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟು, ಸಲ್ಲಿಸಿದ ರಿಟರ್ನುಗಳ ಪ್ರತಿ ಹಿಡಿದುಕೊಂಡು ಖುದ್ದಾಗಿ ಬರಬೇಕು. ಇವರಿಗೆ ಅಡಿಕೆ ಮಾರಿದವರಲ್ಲಿ ಯಾರೋ ಮಾಲು ಕಳಿಸದೆ ಬರೀ ಬಿಲ್ಲು ಕೊಟ್ಟು ತೆರಿಗೆ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ದಾಟಿಸಿದ್ದಾರೆ ಎಂಬುದು ತನಿಖೆಯ ವಿಷಯವಿರಬಹುದು. ಇರಬಹುದು ಅಷ್ಟೆ, ಕಾಗದದಲ್ಲಿ ಅದನ್ನು ಬರೆದಿಲ್ಲ. ಸಾಕ್ಷಿಯಾಗಿ ಕರೆದದ್ದೋ ತಪ್ಪಿತಸ್ಥನೆಂದು ಕರೆದದ್ದೋ, ಅದನ್ನೂ ಬರೆದಿಲ್ಲ. ಅದೆಲ್ಲಕ್ಕಿಂತ ಮೊದಲಿನ ಸಂಶಯ, ಇದು ಸರಕಾರ ಕಳಿಸಿದ್ದೋ ಯಾವನೋ ಖದೀಮ ಕಳಿಸಿದ್ದೋ ಎಂಬುದು.

ಇಂಥ ಸಂಶಯ ಹಿಂದಿನವರಿಗೆ ಬರುತ್ತಿರಲಿಲ್ಲ. ನೋಟಿಸಿನ ಹಿಂದೆಯೇ ಅದನ್ನು ಜಾರಿ ಮಾಡುವ ಮನುಷ್ಯ ಜಗಲಿಯಲ್ಲಿ ನಿಂತಿರುತ್ತಿದ್ದ.

ಬ್ರಿಟಿಷರ ಕಾಲದ ದಂಡ ಪ್ರಕ್ರಿಯಾ ಸಂಹಿತೆ 1861ರದ್ದು. ಆಮೇಲೆ 1898ರದ್ದು, 1973ರದ್ದು ಬಂದು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ‘ಈ ದಸ್ತಾವೇಜು ತಂದು ಹಾಜರುಪಡಿಸು’ ಎಂದು ಕೇಳುವ ಸೆಕ್ಷನ್ 1898ರಲ್ಲಿ 94 ಆಗಿತ್ತು, 1973ರಲ್ಲಿ 91 ಆಯಿತು, ಈಗ ತಿರುಗಿ 94ಕ್ಕೇ ಬಂದು ಕೂತಿದೆ. ಇದರಲ್ಲಿ ಒಂದು ಉಪಕಾರದ ಮಾತು ಉಂಟು: ಬರೀ ದಸ್ತಾವೇಜು ಕೇಳಿದ್ದರೆ ನೀವೇ ಹೋಗಬೇಕಾಗಿಲ್ಲ, ಯಾರ ಕೈಯಲ್ಲಾದರೂ ಕಳಿಸಿಕೊಟ್ಟರೆ ಆದೇಶ ಪಾಲಿಸಿದಂತೆಯೇ. ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಗೊತ್ತಿದ್ದವರು ಹೇಳುವುದೂ ಕಡಿಮೆ.

ಕಾಗದ ಮುಟ್ಟಿಸುವ ಕ್ರಮಕ್ಕೂ ಆಗ ಮಡಿಮೈಲಿಗೆ ಇತ್ತು. ಕೋರ್ಟಿನ ಅಮೀನ ಬಂದು ಕೈಗೇ ಕೊಡಬೇಕು. ಆಳು ಸಿಗದಿದ್ದರೆ ಮನೆಯವರ ಕೈಗೆ. ಅದೂ ಸಾಧ್ಯವಾಗದಿದ್ದರೆ ಬಾಗಿಲಿಗೆ ಅಂಟಿಸಿ, ಎಷ್ಟು ಹೊತ್ತಿಗೆ, ಹೇಗೆ, ಯಾರ ಎದುರು ಎಂದು ಷರಾ ಬರೆಯಬೇಕು. ಮನೆಯವರು ಎಂದರೆ ಯಾರು ಎಂಬಲ್ಲಿ ನಮ್ಮ ಊರಿಗೆ ಒಂದು ತಮಾಷೆ ಇದೆ. ಕ್ರಿಮಿನಲ್ ಸಮನ್ಸನ್ನು ‘ವಯಸ್ಕ ಗಂಡಸಿಗೆ’ ಮಾತ್ರ ಕೊಡಬಹುದಿತ್ತು. ಸಿವಿಲ್ ಕಡೆ 1976ರ ತಿದ್ದುಪಡಿಯಲ್ಲಿ ಹೆಂಗಸರನ್ನೂ ಸೇರಿಸಿದರು, ಕ್ರಿಮಿನಲ್ ಕಡೆ ಆ ಪದ ಹೋಗಿದ್ದು ಹೊಸ ಸಂಹಿತೆ ಬಂದ ಮೇಲೆಯೇ. ಅಳಿಯಕಟ್ಟಿನ ತುಳುನಾಡು ಇದು. ಭೂಮಿ, ಮನೆ, ದೈವದ ಕೋಣೆ ಎಲ್ಲ ಹೆಣ್ಣಿನ ಬಳಿ, ಅಂದರೆ ವಂಶದಲ್ಲೇ ಇಳಿದು ಬಂದದ್ದು. ಗಂಡಸರೋ ಮುಂಬಯಿಯ ಹೋಟೆಲಿನಲ್ಲಿ, ಆಮೇಲೆ ದುಬೈ, ದಮಾಮ್‌ನಲ್ಲಿ. ಬೀಗದ ಕೈ ಸೊಂಟದಲ್ಲಿದ್ದ ಅಜ್ಜಿಗೆ ಆ ಕಾಗದ ತೆಗೆದುಕೊಳ್ಳುವ ಯೋಗ್ಯತೆ ಇಲ್ಲವೆಂದು ಕಾನೂನು ಹೇಳುತ್ತಿತ್ತು. ಅಮೀನ ಅಂಗಳದಲ್ಲಿ ಬೆಲ್ಲ ನೀರು ಕುಡಿದು, ‘ಗಂಡಸರಿಲ್ಲ’ ಎಂದು ಬರೆದುಕೊಂಡು ವಾಪಸು ಹೋಗುತ್ತಿದ್ದ.

ನಾನು ಹತ್ತಿರದಿಂದ ಕಂಡದ್ದು ಬ್ಯಾಂಕಿನ ಕೌಂಟರ್. ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳು ಬ್ಯಾಂಕುಗಳ ತವರು: 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಲೆಕ್ಕ ಕೇಳುವ ಕಾಗದ ಇಲ್ಲಿಗೆ ಹೆಚ್ಚು ಬಂದರೆ ಆಶ್ಚರ್ಯವಿಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಕ್ಲಾರ್ಕ್ ಆಗಿದ್ದ ಉಡುಪಿ ಕಡೆಯ ಶಾಖೆಗೆ ಬರುತ್ತಿದ್ದದ್ದು ಬಹುಪಾಲು ಸಬ್ಸಿಡಿ ಸಾಲದ ತನಿಖೆಗಳು. ಸರಕಾರದ ಸಬ್ಸಿಡಿ ಸೇರಿಸಿ ದನಕ್ಕೆ ಸಾಲ. ದನ ಸತ್ತರೆ ವಿಮೆಗೆ ಕಿವಿಯ ಬಿಲ್ಲೆ ತಂದು ಒಪ್ಪಿಸಬೇಕು. ಬಿಲ್ಲೆ ನಮ್ಮ ಮೇಜಿನ ಮೇಲೆ ಬಂದು ಬಿದ್ದ ಮೇಲೂ ಆ ದನ ಹಟ್ಟಿಯಲ್ಲಿ ಮೆಲುಕು ಹಾಕುತ್ತಿದ್ದ ಪ್ರಸಂಗಗಳಿದ್ದವು.

ಪೊಲೀಸ್ ಪೇದೆ ಬಸ್ಸಿನಲ್ಲಿ ಬಂದು ಪತ್ರ ಕೊಡುತ್ತಿದ್ದ. ಇನ್‌ವರ್ಡ್ ರಿಜಿಸ್ಟರಿನಲ್ಲಿ ನಂಬರು, ಪತ್ರದ ಮೇಲೆ ಮೊಹರು, ಅದರ ಪಕ್ಕ ಗಂಟೆ, ನಿಮಿಷ. ಮ್ಯಾನೇಜರು ಮೂರು ಸಂಗತಿ ನೋಡುತ್ತಿದ್ದರು: ಯಾವ ಸೆಕ್ಷನ್, ಯಾವ ಖಾತೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ. ‘ಸದರಿಯವರ ಎಲ್ಲಾ ವಿವರ’ ಎಂದಿದ್ದರೆ ಒಂದು ಚಹಾ ಕುಡಿಸಿ, ಖಾತೆ ನಂಬರು ಬರೆಸಿಕೊಂಡು ಬನ್ನಿ ಎಂದು ಕಳಿಸುತ್ತಿದ್ದರು. ಉದ್ಧಟತನವಲ್ಲ, ಆ ಲೆಡ್ಜರಿನ ಅದೇ ಪುಟದ ಹಿಂಬದಿಯಲ್ಲಿ ಇನ್ನೊಬ್ಬ ಗಿರಾಕಿಯ ಲೆಕ್ಕ ಇರುತ್ತಿತ್ತು.

ಆಮೇಲೆ ನಕಲು. ನಾನು ಕೈಯಲ್ಲಿ ಬರೆಯುವುದು, ಇನ್ನೊಬ್ಬರು ಸಾಲಿನ ಕೆಳಗೆ ಸ್ಕೇಲು ಇಟ್ಟು ಗಟ್ಟಿಯಾಗಿ ಓದುವುದು. ಕೊನೆಗೆ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಒಕ್ಕಣೆ: ಇದು ನಿಜ ಪ್ರತಿ, ಬ್ಯಾಂಕಿನ ರೂಢಿಯ ಪುಸ್ತಕದಲ್ಲಿದೆ, ನಿತ್ಯದ ವ್ಯವಹಾರದಲ್ಲಿ ಬರೆದದ್ದು, ಪುಸ್ತಕ ಇನ್ನೂ ನಮ್ಮ ವಶದಲ್ಲಿದೆ. ಇಷ್ಟು ಬರೆದು ಮ್ಯಾನೇಜರು ಸಹಿ ಹಾಕಿದರೆ ನಕಲೇ ಸಾಕ್ಷ್ಯ. ಬ್ಯಾಂಕ್ ಕಕ್ಷಿಯಲ್ಲದ ಮೊಕದ್ದಮೆಯಲ್ಲಿ, ವಿಶೇಷ ಕಾರಣವಿದೆ ಎಂದು ನ್ಯಾಯಾಧೀಶರು ಆದೇಶಿಸದೆ ಬ್ಯಾಂಕಿನವರನ್ನು ಪುಸ್ತಕ ಹೊತ್ತು ತರುವಂತೆ ಒತ್ತಾಯಿಸುವ ಹಾಗಿಲ್ಲ. ಎರಡು ಪುಟದ ನಕಲಿಗೆ ಅರ್ಧ ದಿನ ಹೋಗುತ್ತಿತ್ತು. ಕಂಪ್ಯೂಟರ್ ಬಂತು, ಹತ್ತು ವರ್ಷದ ಸ್ಟೇಟ್‌ಮೆಂಟ್ ಒಂದು ಗುಂಡಿ ಒತ್ತಿದರೆ ಬರುವಂತಾಯಿತು. ಅಲ್ಲಿಂದಲೇ ಕೇಳುವವರ ಪಟ್ಟಿಯೂ ಉದ್ದವಾಯಿತು. ‘ಎಲ್ಲಾ ವಿವರ’ ಎಂಬ ಒಕ್ಕಣೆಯನ್ನು ಹಿಂದೆ ಕಳಿಸುವ ಅಭ್ಯಾಸ ಯಾವಾಗ ನಿಂತಿತೋ ನನಗೇ ನೆನಪಿಲ್ಲ. 2019 ಮತ್ತು 2020ರ ವಿಲೀನದಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಮೂರೂ ಹೆಸರು ಹೋದವು. ಇಲ್ಲದ ಬ್ಯಾಂಕಿನ ವಿಳಾಸಕ್ಕೆ ಆಮೇಲೂ ನೋಟಿಸ್ ಬಂದದ್ದನ್ನು ಕಂಡಿದ್ದೇನೆ.

ಇತ್ತ ಕೇಳುವ ಅಧಿಕಾರ ಎಲ್ಲಿಯವರೆಗೆ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಲೇ ಇತ್ತು. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಹುದೇ ಎಂಬುದರ ಮೇಲೆ 1954ರಲ್ಲಿ ಎಂ.ಪಿ. ಶರ್ಮಾ, 1961ರಲ್ಲಿ ಕಾಥಿ ಕಾಲೂ ಓಘಡ್ ಪ್ರಕರಣ. ಬಳಿಕ ಶ್ಯಾಮಲಾಲ್ ಚೋಕ್ಸಿ ಪ್ರಕರಣದಲ್ಲಿ, ದಸ್ತಾವೇಜು ತಾ ಎನ್ನುವ 94ನೇ ಸೆಕ್ಷನ್ ಆರೋಪಿಗೆ ಅನ್ವಯಿಸುವುದಿಲ್ಲ ಎಂದಾಯಿತು. ಅಂದರೆ ನೀವು ಸಾಕ್ಷಿಯೋ ಆರೋಪಿಯೋ ಎಂಬುದು ಶಿಷ್ಟಾಚಾರದ ಪ್ರಶ್ನೆಯಲ್ಲ, ಎಲ್ಲ ನಿಂತಿರುವುದು ಅದರ ಮೇಲೆ. ಆದರೆ ವಂಚನೆಯ ತನಿಖೆ ಅಷ್ಟರಲ್ಲಿ ಠಾಣೆಯಿಂದ ಆಚೆಗೂ ಹೊರಟಿತ್ತು. ಆದಾಯ ತೆರಿಗೆ, ಕಸ್ಟಮ್ಸ್, 2005ರ ಜುಲೈ 1ರಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, 2017ರ ಜುಲೈ 1ರಿಂದ ಜಿಎಸ್‌ಟಿ. ಇವರ ಸಮನ್ಸಿಗೆ ಹಾಜರಾಗುವುದೇ ‘ನ್ಯಾಯಿಕ ನಡವಳಿ’, ಸುಳ್ಳು ಹೇಳಿದರೆ ಅದೇ ಒಂದು ಅಪರಾಧ. 2022ರ ಜುಲೈ 27ರಂದು ವಿಜಯ್ ಮದನ್‌ಲಾಲ್ ಚೌಧರಿ ತೀರ್ಪು, ಹಣ ವರ್ಗಾವಣೆ ಕಾಯ್ದೆಯ ತನಿಖೆ ಮಾಡುವ ಇ.ಡಿ. (ಜಾರಿ ನಿರ್ದೇಶನಾಲಯ) ಅಧಿಕಾರಿಗಳು ಪೊಲೀಸರಲ್ಲ ಎಂದಿತು. ಎಫ್‌ಐಆರ್ ಪ್ರತಿಯಂತೆ ಅವರ ಪ್ರಕರಣದ ಮೊದಲ ದಾಖಲೆಯನ್ನು ಕೊಡಲೇಬೇಕೆಂದಿಲ್ಲ ಎಂದೂ ಹೇಳಿತು. ಕರೆದವರಿಗೆ ಕಾರಣ ಗೊತ್ತು, ಹೋಗುವವನಿಗೆ ಗೊತ್ತಿರಬೇಕೆಂದಿಲ್ಲ.

ಗೋಜಲು ಹೆಚ್ಚಿದ್ದು ಕಾಗದ ಹೋಗಿ ಕಂಪ್ಯೂಟರಿನ ತೆರೆ ಬಂದ ಮೇಲೆ. ಜಿಎಸ್‌ಟಿಯ 169ನೇ ಸೆಕ್ಷನ್ ಪ್ರಕಾರ ಪೋರ್ಟಲಿನಲ್ಲಿ ಹಾಕಿದರೂ ನೋಟಿಸ್ ಜಾರಿಯಾದಂತೆ. ಪೋರ್ಟಲಿನ ಒಳಗೆ ‘ಹೆಚ್ಚುವರಿ ನೋಟಿಸುಗಳು’ ಎಂಬ ಬೇರೆ ಟ್ಯಾಬ್ ಇದೆ. ಅದನ್ನು ತೆರೆಯದ ಸಣ್ಣ ವ್ಯಾಪಾರಿಗೆ ದಂಡದ ಆದೇಶವೇ ಮೊದಲ ಸುದ್ದಿ. ಅಂಗಡಿಯ ಬಾಗಿಲಿಗೆ ಅಂಟಿಸಿದ್ದನ್ನಾದರೂ ಪಕ್ಕದ ಅಂಗಡಿಯವರು ಓದಿ ಹೇಳುತ್ತಿದ್ದರು. ಪೊಲೀಸರದ್ದು ಇನ್ನೊಂದು ಬಗೆ: ಹೊಸ ಸಂಹಿತೆಯ 94ರಡಿ ದಸ್ತಾವೇಜನ್ನು ಎಲೆಕ್ಟ್ರಾನಿಕ್ ಆದೇಶದಲ್ಲೇ ಕೇಳಬಹುದು. 35ರಡಿ ‘ನೀನೇ ಬಂದು ಹಾಜರಾಗು’ ಎನ್ನುವ ನೋಟಿಸನ್ನು ಮಾತ್ರ ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿತು, ಅದೇ ವರ್ಷ ಮತ್ತೊಮ್ಮೆ ಅದನ್ನೇ ಎತ್ತಿ ಹಿಡಿಯಿತು. ಮನುಷ್ಯನ ಸ್ವಾತಂತ್ರ್ಯ ಹೋಗುವ ಸಂಗತಿ, ಕೈಗೇ ಕೊಡಿ ಎಂಬುದು ಕಾರಣ. ಅಮೀನನ ಕಾಲದವರಿಗೆ ಇದು ಹೊಸ ಮಾತೇನಲ್ಲ.

ಅಷ್ಟರಲ್ಲಿ ಮೋಸಗಾರರು ಈ ಭಾಷೆ, ಲಾಂಛನ, ಸೆಕ್ಷನ್ ಎಲ್ಲವನ್ನೂ ಕಲಿತಾಗಿತ್ತು. ವಿಡಿಯೋ ಕರೆಯಲ್ಲೇ ಬಂಧಿಸಿದ್ದೇವೆಂದು ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬುದೇ ಕಾನೂನಿನಲ್ಲಿಲ್ಲ ಎಂದು 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಹೇಳಬೇಕಾಯಿತು. ಇ.ಡಿ. ತನ್ನ ಸಮನ್ಸಿಗೆ ಕ್ಯೂಆರ್ ಕೋಡ್ ಹಾಕತೊಡಗಿದೆ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2019ರ ನವೆಂಬರ್ 8ರಿಂದಲೇ ಸಮನ್ಸು, ತನಿಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಕಡ್ಡಾಯ ಮಾಡಿತ್ತು. ರಾಜ್ಯಗಳೂ ಹೀಗೆ ಮಾಡಲಿ ಎಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳುವಾಗ, ಅದನ್ನು ಆಗಲೇ ಮಾಡಿದ್ದ ರಾಜ್ಯಗಳು ಎರಡೇ: ಕರ್ನಾಟಕ ಮತ್ತು ಕೇರಳ. ಇಷ್ಟು ಹತ್ತಿರ ಇದ್ದೂ ಬಂದರಿನಲ್ಲಿ ನಾನು ಕೇಳಿದ ಹತ್ತಿಪ್ಪತ್ತು ಮಂದಿಗೆ ಆ ಸಂಖ್ಯೆ ಎಂತದೆಂದು ಗೊತ್ತಿರಲಿಲ್ಲ.

ಮಂಡಿ ಯಜಮಾನರ ಪಿಡಿಎಫ್‌ನಲ್ಲೂ ಮೂಲೆಯಲ್ಲಿ ಅದು ಇತ್ತು. ಅವರ ಮಗ ಮಂಡಳಿಯ ಜಾಲತಾಣದಲ್ಲಿ ಒಂದೊಂದೇ ಅಕ್ಷರ ಒತ್ತಿದ. ಸಮನ್ಸ್ ನಿಜವೇ. ಪೋರ್ಟಲಿನಲ್ಲಿ ಸಿಗುವ ದಾಖಲೆಗಳಿಗಾಗಿ ಸಮನ್ಸ್ ಕೊಡಬೇಡಿ ಎಂದು 2022ರ ಆಗಸ್ಟ್ 17ರಂದು ಇಲಾಖೆಯೇ ತನ್ನವರಿಗೆ ಸೂಚನೆ ಕೊಟ್ಟಿದೆ. ಇವರನ್ನು ಕೇಳಿದ್ದರಲ್ಲಿ ರಿಟರ್ನುಗಳೆಲ್ಲ ಅಲ್ಲಿಯೇ ಇವೆ. ಅದನ್ನು ಒಂದು ಪತ್ರದಲ್ಲಿ ಬರೆದು, ತಮ್ಮನ್ನು ಕರೆದದ್ದು ಸಾಕ್ಷಿಯಾಗಿಯೋ ಎಂದೂ ಕೇಳೋಣ ಎಂದೆ. ‘ಪತ್ರ ಬರೆದು ಅವರಿಗೆ ಕೋಪ ಬಂದರೆ?’ ಎಂದರು. ಬಿಲ್ಲಿನ ಕಟ್ಟುಗಳನ್ನು ಅಡಿಕೆ ಗೋಣಿಯಲ್ಲೇ ತುಂಬಿಸಿ ಹುರಿಯಿಂದ ಬಾಯಿ ಹೊಲಿಸಿದ್ದಾರೆ. ಮಂಗಳವಾರ ಹನ್ನೊಂದು ಗಂಟೆಗೆ ಹೊರಡಬೇಕು, ರಿಕ್ಷಾಕ್ಕೂ ಹೇಳಿ ಆಗಿದೆ.